ಉಪ್ಪಿನ ಶಾಖಕ್ಕೂ ಅಳದ ಮಗು

ಅಳತೆ ತೆಗೆಯುವುದಷ್ಟೇ ನನ್ನ ಕೆಲಸವಾಗಿತ್ತು. ತೊಡೆಯಿಂದ ಮೊಣಕಾಲಿಗೆ ಎಷ್ಟು, ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು, ಸುತ್ತಳತೆ ಎಷ್ಟು ಎಂದು ಟೇಪು ಹಿಡಿದು ಬರೆದುಕೊಟ್ಟರೆ, ವರ್ಕ್‌ಶಾಪಿನವರು ಕಬ್ಬಿಣದ ಪಟ್ಟಿ ಬಗ್ಗಿಸಿ, ಚರ್ಮದ ಬೆಲ್ಟು ಹೊಲಿದು, ಬೂಟಿಗೆ ಜೋಡಿಸಿ ಕ್ಯಾಲಿಪರ್ ಮಾಡುತ್ತಿದ್ದರು. ರಾಜಾಜಿನಗರದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದಲ್ಲಿತ್ತು. ನಮ್ಮನ್ನು ಎಲ್ಲಿ ಇಟ್ಟಿದ್ದರು ಎಂಬುದರಲ್ಲೇ ನಮ್ಮ ಬೆಲೆ ಎಷ್ಟು ಎಂದು ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಸೇವಾ ಸಂಘದವರು ಪೋಲಿಯೋ ಮಕ್ಕಳಿಗೆ ಉಚಿತವಾಗಿ ಕ್ಯಾಲಿಪರ್ ಹಂಚುವ ಶಿಬಿರ ಇಟ್ಟುಕೊಂಡಿದ್ದರು. ಶಾಮಿಯಾನ, ಮೈಕು, ಹಾರ, ಪತ್ರಿಕೆಯವರು ಎಲ್ಲ ಗೊತ್ತುಮಾಡಿ ಆಗಿತ್ತು. ಮಕ್ಕಳು ಮಾತ್ರ ಸಾಲುತ್ತಿರಲಿಲ್ಲ. ಹಾಗಾಗಿ ಕುಂಟುವ ಮಗು ಯಾವುದೇ ಬರಲಿ, ನಮ್ಮ ಮೂಳೆ ವಿಭಾಗದ ಹಿರಿಯ ಡಾಕ್ಟರು ಚೀಟಿಯ ಮೇಲೆ ಪೋಲಿಯೋ ಎಂದು ಗೀಚಿ ನನ್ನ ಕೋಣೆಗೆ ಕಳಿಸುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ ಅವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ವಾರವೆಲ್ಲ ಹಲ್ಲು ಕಚ್ಚಿಕೊಂಡು ಟೇಪು ಹಿಡಿದಿದ್ದೆ.

ಹಾಗೆ ಬಂದವರಲ್ಲಿ ಒಬ್ಬಳು ಐದು ವರ್ಷದ ಹುಡುಗಿ. ಜೊತೆಯಲ್ಲಿ ಅವಳ ತಾಯಿ. ಬಸವೇಶ್ವರನಗರದಲ್ಲಿ ಯಾರದೋ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದರು. ಗಂಡ ಲೇತ್ ಕೆಲಸಕ್ಕೆ ಹೋಗುತ್ತಿದ್ದ, ಈಕೆ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು, ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಹುಡುಗಿ ಬಾಗಿಲಿನಿಂದ ನನ್ನ ಮೇಜಿನವರೆಗೆ ನಡೆದು ಬಂದದ್ದನ್ನು ನೋಡಿದೆ. ಎಡಗಾಲನ್ನು ನೀರಿನಲ್ಲಿ ನಡೆಯುವವರಂತೆ ಎತ್ತರಕ್ಕೆ ಎತ್ತುತ್ತಿದ್ದಳು. ಪಾದ ಜೋತುಬಿದ್ದು ಮೊದಲು ಬೆರಳು, ಆಮೇಲೆ ಇಡೀ ಪಾದ ನೆಲಕ್ಕೆ ಪಟ್ ಎಂದು ಬಡಿಯುತ್ತಿತ್ತು. ಮೊಣಕಾಲು ಗಟ್ಟಿಯಾಗಿತ್ತು, ತೊಡೆ ತುಂಬಿಕೊಂಡಿತ್ತು. ಇಂಥ ಕಾಲಿಗೆ ತೊಡೆಯವರೆಗೆ ಕಬ್ಬಿಣ ಹಾಕಿ ಮೊಣಕಾಲಿಗೆ ಬೀಗ ಜಡಿಯಲು ಚೀಟಿ ಬಂದಿತ್ತು. ಶಿಬಿರಕ್ಕೆ ಎಲ್ಲವೂ ಉದ್ದದ ಕ್ಯಾಲಿಪರ್‌ಗಳೇ ಆಗಬೇಕಂತೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವಲ್ಲ!

ಮಗುವನ್ನು ಮಂಚದ ಮೇಲೆ ಮಲಗಿಸಿ ಕಾಲುಚೀಲ ಬಿಚ್ಚಿದೆ. ಪಾದದ ಮೇಲ್ಭಾಗದಲ್ಲಿ ಅಂಗೈಯಗಲ ಗಾಯ. ಬೊಬ್ಬೆ ಎದ್ದು ಒಡೆದು, ಅಂಚು ಕಪ್ಪಾಗಿ, ನಡುವೆ ಹಸಿಯಾಗಿ ಕೆಂಪಗಿತ್ತು.

"ಇದೇನಮ್ಮ ಇದು?"

"ಅತ್ತೆ ಉಪ್ಪಿನ ಶಾಖ ಕೊಟ್ರು ಮೇಡಂ. ಕಾಲಿಗೆ ಶಕ್ತಿ ಬರ್ಲಿ ಅಂತ."

"ಸುಟ್ಟು ಹೋಗಿದೆಯಲ್ರೀ! ಮಗು ಕಿರುಚ್ಕೊಳ್ಳಲಿಲ್ವಾ?"

"ಇಲ್ಲ ಮೇಡಂ, ಕಾಲೂ ಎಳ್ಕೊಳ್ಳಲಿಲ್ಲ, ಒಂಚೂರೂ ಅಳಲಿಲ್ಲ. ಎಷ್ಟು ಜಾಣೆ ನೋಡು, ಹೆಂಗೆ ತಡ್ಕೊಂಡ್ಲು ಅಂತ ಅತ್ತೇನೇ ಹೊಗಳಿದ್ರು."

ನಾನು ಟೇಪನ್ನು ಕೆಳಗಿಟ್ಟೆ. ಕಾದ ಉಪ್ಪಿನ ಗಂಟು ತಗುಲಿದರೆ ಕಾಲನ್ನು ಹಿಂದಕ್ಕೆಳೆಯುವುದಕ್ಕೆ ಜಾಣತನ ಬೇಕಾಗಿಲ್ಲ, ಧೈರ್ಯವೂ ಬೇಕಾಗಿಲ್ಲ. ಆ ಕೆಲಸ ಮಿದುಳಿನವರೆಗೆ ಹೋಗುವುದೇ ಇಲ್ಲ. ಬಿಸಿ ತಾಗಿದ ಸುದ್ದಿ ಚರ್ಮದಿಂದ ನರದಲ್ಲಿ ಬೆನ್ನುಹುರಿಗೆ ಹೋಗುತ್ತದೆ, ಬೆನ್ನುಹುರಿ ಅಲ್ಲಿಂದಲೇ ಕಾಲೆಳೆದುಕೋ ಎಂದು ಸ್ನಾಯುವಿಗೆ ಆಜ್ಞೆ ಕಳಿಸುತ್ತದೆ. ಉರಿಯುತ್ತಿದೆ ಎಂದು ಮಿದುಳಿಗೆ ಗೊತ್ತಾಗುವುದು, ಅಳು ಬರುವುದು ಆಮೇಲೆ. ಈ ಹುಡುಗಿಯ ಕಾಲು ಹಿಂದಕ್ಕೆ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಅಂದರೆ ಸುದ್ದಿಯೇ ಹೊರಟಿರಲಿಲ್ಲ.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಏಕೆ ಎಂಬುದು ಅರ್ಥವಾಗುವುದಿಲ್ಲ. ಮಿದುಳು, ಬೆನ್ನುಹುರಿ ಇವೆರಡೂ ನರಮಂಡಲದ ಕೇಂದ್ರ. ತಲೆಬುರುಡೆ ಮತ್ತು ಬೆನ್ನೆಲುಬಿನ ಒಳಗೆ ಭದ್ರವಾಗಿರುತ್ತವೆ. ಬೆನ್ನುಹುರಿಯ ಮುಂಭಾಗದಲ್ಲಿರುವ ಕೋಶಗಳು ಸ್ನಾಯುಗಳಿಗೆ ಆಜ್ಞೆ ಕಳಿಸುತ್ತವೆ. ಮೈಯಿಂದ ಬರುವ ಸುದ್ದಿ, ಅಂದರೆ ಸ್ಪರ್ಶ, ಬಿಸಿ, ನೋವು, ಹಿಂಭಾಗದಿಂದ ಒಳಗೆ ಬರುತ್ತದೆ. ಹೋಗುವ ಬಾಗಿಲು ಬೇರೆ, ಬರುವ ಬಾಗಿಲು ಬೇರೆ. ಬೆನ್ನೆಲುಬನ್ನು ದಾಟಿ ಹೊರಗೆ ಬಂದ ಮೇಲೆ ಮಾತ್ರ ಎರಡೂ ಬಗೆಯ ಎಳೆಗಳು ಸೇರಿಕೊಂಡು ಒಂದೇ ನರವಾಗಿ ಕೈಕಾಲಿಗೆ ಹೋಗುತ್ತವೆ. ಬೆವರು ಬರಿಸುವ, ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ಎಳೆಗಳೂ ಅದರಲ್ಲೇ ಇರುತ್ತವೆ. ನಾವು ಹೇಳಿದರೂ ಹೇಳದಿದ್ದರೂ ತಮ್ಮ ಪಾಡಿಗೆ ಕೆಲಸ ಮಾಡುವ ಎಳೆಗಳು ಅವು.

ಪೋಲಿಯೋ ಕ್ರಿಮಿ ಸುಡುವುದು ಬೆನ್ನುಹುರಿಯ ಮುಂಭಾಗದ ಕೋಶಗಳನ್ನು ಮಾತ್ರ. ಆಜ್ಞೆ ನಿಂತು ಹೋಗುತ್ತದೆ, ಸುದ್ದಿ ಬರುತ್ತಲೇ ಇರುತ್ತದೆ. ಪೋಲಿಯೋ ಮಗುವಿನ ಸತ್ತಂತೆ ಕಾಣುವ ಕಾಲನ್ನು ಚಿವುಟಿದರೆ ಮಗು ಬೀದಿಗೆ ಕೇಳುವಂತೆ ಅಳುತ್ತದೆ. ನರವೇ ದಾರಿಯ ನಡುವೆ ಎಲ್ಲಾದರೂ ಕೆಟ್ಟರೆ ಹಾಗಲ್ಲ. ಹೋಗುವುದೂ ನಿಲ್ಲುತ್ತದೆ, ಬರುವುದೂ ನಿಲ್ಲುತ್ತದೆ. ಇದು ವೈದ್ಯಕೀಯ ಓದಿದವರಿಗೆ ಮೊದಲ ವರ್ಷದ ಪಾಠ. ಮರೆತವರು ಮರೆತರೋ, ಮರೆತಂತೆ ಇದ್ದರೋ, ಮುಂದೆ ಹೇಳುತ್ತೇನೆ.

ಹುಡುಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. "ಕಾಲ ಮೇಲೆ ಇರುವೆ ಬಂದಾಗ ಬಂತು ಅನ್ಬೇಕು, ಆಯ್ತಾ ಪುಟ್ಟಿ?"

"ಕಚ್ಚುತ್ತಾ ಆಂಟಿ?"

"ಇಲ್ಲ, ಸುಮ್ನೆ ಓಡಾಡತ್ತೆ."

ಹತ್ತಿಯ ಎಳೆಯನ್ನು ತೊಡೆಗೆ ತಾಗಿಸಿದೆ. ಬಂತು. ಮೊಣಕಾಲಿಗೆ. ಬಂತು. ಕಾಲಿನ ಒಳಮಗ್ಗುಲಿಗೆ. ಬಂತು. ಹೊರಮಗ್ಗುಲಿನಲ್ಲಿ, ಮೊಣಕಾಲಿನ ಕೆಳಗೆ ಎಳೆಯುತ್ತಾ ಬಂದೆ. ಹುಡುಗಿ ನಗುತ್ತಾ ಕಾಯುತ್ತಲೇ ಇದ್ದಳು. ಪಾದದ ಮೇಲೆ ಗಾಯದ ಸುತ್ತ ಹತ್ತಿ ಆಡಿಸಿದೆ. ಪಿನ್ನಿನ ಮೊನೆಯನ್ನೂ ಒತ್ತಿದೆ. "ಇರುವೆ ಎಲ್ಲೋಯ್ತು ಆಂಟಿ?" ಎಂದಳು. ಅಂಗಾಲಿಗೆ ತಾಗಿಸಿದ ಕೂಡಲೇ ಕಿಲಕಿಲ ನಕ್ಕು ಕಾಲೆಳೆದುಕೊಂಡಳು. ಮತ್ತೆ ಮತ್ತೆ ಮಾಡಿ ನೋಡಿ, ಗೊತ್ತಾಗುವ ಜಾಗ ಮತ್ತು ಗೊತ್ತಾಗದ ಜಾಗದ ನಡುವೆ ಪೆನ್ನಿನಿಂದ ಗೆರೆ ಎಳೆದೆ. ಗೆರೆಯಾಚೆ, ಗೊತ್ತಾಗದ ಕಡೆಯ ಚರ್ಮ ಒಣಗಿ ಬೂದಿ ಬಳಿದಂತಿತ್ತು. ಏಪ್ರಿಲ್ಲಿನ ಸೆಕೆಯಲ್ಲೂ ಅಲ್ಲಿ ಒಂದು ಹನಿ ಬೆವರಿರಲಿಲ್ಲ. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚೆನ್ನಾಗಿಯೇ ಮುಂದಕ್ಕೆ ಜಿಗಿಯಿತು, ಅಂದರೆ ತೊಡೆಯ ಮುಂಭಾಗದ ನರ ಸರಿಯಾಗಿತ್ತು.

ಪೃಷ್ಠದಿಂದ ಇಳಿದು ತೊಡೆಯ ಹಿಂಭಾಗದಲ್ಲಿ ಸಾಗುವ ಒಂದು ದಪ್ಪ ನರವಿದೆ, ಮೈಯಲ್ಲೇ ಎಲ್ಲಕ್ಕಿಂತ ದಪ್ಪನೆಯದು. ಅದರ ಹೊರಭಾಗದ ಎಳೆಗಳೇ ಪಾದವನ್ನು ಮೇಲಕ್ಕೆತ್ತುವುದು, ನಾನು ಗೆರೆ ಎಳೆದ ಆ ಚರ್ಮಕ್ಕೆ ಸ್ಪರ್ಶ ಕೊಡುವುದು. ನಕ್ಷೆ ಬರೆದಿಟ್ಟಂತೆ ಕಾಣಿಸುತ್ತಿತ್ತು.

"ಕಾಲು ಹೀಗಾಗೋಕೆ ಮುಂಚೆ ಸೂಜಿ ಹಾಕ್ಸಿದ್ರಾ?" ಎಂದು ತಾಯಿಯನ್ನು ಕೇಳಿದೆ.

ಹಾಕಿಸಿದ್ದರು. ಎರಡು ತಿಂಗಳ ಹಿಂದೆ ಜ್ವರ ಬಂದಿತ್ತು. ಅಲ್ಲೇ ಕ್ರಾಸಿನಲ್ಲಿರುವ ಕ್ಲಿನಿಕ್ಕಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರು. ಸೂಜಿ ಚುಚ್ಚಿದ್ದೇ ಮಗು ಚಿಟ್ಟನೆ ಚೀರಿತ್ತು. ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗಲೇ ಎಡಗಾಲು ಎಳೆಯುತ್ತಿತ್ತು. ಸೂಜಿ ನೋವು, ಸರಿಹೋಗುತ್ತದೆ ಎಂದು ಎತ್ತಿಕೊಂಡು ಬಂದಿದ್ದಳು. ಮರುದಿನ ಜ್ವರ ಬಿಟ್ಟಿತು, ಪಾದ ಜೋತುಬಿತ್ತು. ಮತ್ತೆ ಅದೇ ಡಾಕ್ಟರ ಹತ್ತಿರ ಹೋದರೆ ಅವರು ಹಣೆ ಚಚ್ಚಿಕೊಂಡು ಪೋಲಿಯೋ ಎಂದು, ನಮ್ಮ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು.

"ನಂದೇ ತಪ್ಪು ಮೇಡಂ," ಎಂದಳು ತಾಯಿ. "ಮೂರನೇ ಸಲದ ಪೋಲಿಯೋ ಹನಿ ಹಾಕ್ಸಿರ್ಲಿಲ್ಲ. ಫ್ಯಾಕ್ಟ್ರೀಲಿ ರಜ ಕೊಡ್ಲಿಲ್ಲ. ಡಾಕ್ಟ್ರು ಎಲ್ಲರ ಮುಂದೆ ಬೈದ್ರು. ಮನೇಲಿ ಅತ್ತೆ ದಿನಾ ಅಂತಾರೆ, ನಿನ್ನ ಸಂಬಳಕ್ಕೆ ನನ್ನ ಮೊಮ್ಮಗಳ ಕಾಲು ಹೋಯ್ತು ಅಂತ."

ನನ್ನ ಪಿತ್ತ ನೆತ್ತಿಗೇರಿತು. ನರಕ್ಕೆ ಚುಚ್ಚಿದವರು ಒಬ್ಬರು, ಎರಡು ತಿಂಗಳಿಂದ ಬೈಸಿಕೊಳ್ಳುತ್ತಿದ್ದವಳು ಇನ್ನೊಬ್ಬಳು. ಅದರ ಮೇಲೆ ಉಪ್ಪಿನ ಶಾಖ ಬೇರೆ. ಗಾಯದ ಮೇಲೆ ಬರೆ ಎಳೆಯುವುದು ಅಂತ ಗಾದೆ ಕೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. "ಹನಿಗೂ ಇದಕ್ಕೂ ಸಂಬಂಧ ಇಲ್ಲಮ್ಮ, ಇದು ಪೋಲಿಯೋ ಅಲ್ಲ, ಸೂಜಿ ನರಕ್ಕೆ ಬಿದ್ದಿದೆ ಅಂತ ಕಾಣತ್ತೆ" ಎಂದು ಅಲ್ಲೇ ಹೇಳಿಬಿಟ್ಟೆ. ಅವಳು ನಂಬಲಿಲ್ಲ. ಡಾಕ್ಟರಲ್ಲದವಳ ಮಾತನ್ನು ಅವಳು ನಂಬಬೇಕಾದರೂ ಏಕೆ?

ಗಾಯಕ್ಕೆ ಪಟ್ಟಿ ಕಟ್ಟಿಸಿ, ಹಿರಿಯ ಡಾಕ್ಟರ ಕೋಣೆಗೆ ಹೋದೆ.

"ಸಾರ್, ಈ ಮಗುವಿಗೆ ಪೋಲಿಯೋ ಅಲ್ಲ. ಇಂಜೆಕ್ಷನ್ ನರಕ್ಕೆ ಬಿದ್ದಿದೆ. ಪಾದದ ಮೇಲೆ ಸ್ಪರ್ಶ ಇಲ್ಲ."

"ಯಾರು ಹೇಳಿದ್ದು?"

"ನಾನೇ ಪಿನ್ ಹಾಕಿ ನೋಡಿದೆ ಸಾರ್."

"ಐದು ವರ್ಷದ ಮಗು ಹೂಂ ಊಹೂಂ ಅನ್ನೋದನ್ನ ಕೇಳ್ಕೊಂಡು ಡಯಾಗ್ನೋಸಿಸ್ ಮಾಡ್ತೀರೇನಮ್ಮ? ಅಷ್ಟು ಅನುಮಾನ ಇದ್ರೆ ಕರೆಂಟ್ ಟೆಸ್ಟ್ ಮಾಡಿ ತನ್ನಿ, ನೋಡೋಣ."

ಕರೆಂಟ್ ಟೆಸ್ಟ್ ಅಂದರೆ ಸ್ನಾಯುವಿಗೆ ಸಣ್ಣ ವಿದ್ಯುತ್ ಕೊಟ್ಟು ಅದು ಹೇಗೆ ಕುಣಿಯುತ್ತದೆ ಎಂದು ನೋಡುವುದು. ನರ ಚೆನ್ನಾಗಿದ್ದರೆ ಕ್ಷಣಮಾತ್ರದ ಕರೆಂಟಿಗೂ ಸ್ನಾಯು ಚಟ್ ಎಂದು ಹಾರುತ್ತದೆ. ನರ ಸತ್ತಿದ್ದರೆ ಅಷ್ಟಕ್ಕೆ ಜಗ್ಗುವುದಿಲ್ಲ. ಕರೆಂಟನ್ನು ಹೆಚ್ಚು ಹೊತ್ತು ಹಿಡಿದಿಡಬೇಕು, ಆಗ ಹುಳ ಹರಿದಂತೆ ಮೆಲ್ಲಗೆ ಅಲುಗುತ್ತದೆ. ನಮ್ಮ ಮಷೀನು ನನಗಿಂತ ಹಳೆಯದು. ಗುಂಡಿ ತಿರುಗಿಸಿದರೆ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಮುನಿಸಿಕೊಳ್ಳುತ್ತಿತ್ತು. ಮೊದಲ ದಿನ ಪ್ಯಾಡು ಒದ್ದೆ ಮಾಡಿ ಕಟ್ಟುವಷ್ಟರಲ್ಲಿ ಕರೆಂಟೇ ಹೋಯಿತು. ಎರಡನೇ ಸಲ ಹುಡುಗಿ ವೈರು ನೋಡಿ ಹೆದರಿ ಮಂಚದ ಕೆಳಗೆ ಸೇರಿಕೊಂಡಳು. ಅವಳ ತಾಯಿ ಪ್ರತಿ ಸಲವೂ ಅರ್ಧ ದಿನದ ರಜ ಹಾಕಿ ಬರುತ್ತಿದ್ದಳು. ಮೂರನೇ ಸಲ ಮೊದಲು ನನ್ನ ಕೈಗೇ ಪ್ಯಾಡು ಕಟ್ಟಿಕೊಂಡು, ಬೆರಳು ತಾನಾಗಿ ಕುಣಿಯುವುದನ್ನು ಹುಡುಗಿಗೆ ತೋರಿಸಿದೆ. ಆಮೇಲೆ ಅವಳೇ ಕಾಲು ಚಾಚಿದಳು.

ಬಲಗಾಲು ಚಟ್ ಎಂದು ಮೇಲಕ್ಕೆ ಹಾರಿತು. ಎಡಗಾಲಿನಲ್ಲಿ ಪಾದ ಎತ್ತುವ ಸ್ನಾಯು ಜಗ್ಗಲಿಲ್ಲ. ಕರೆಂಟಿನ ಹೊತ್ತು ಹೆಚ್ಚಿಸುತ್ತಾ ಹೋದೆ. ಕೊನೆಗೆ ಚರ್ಮದಡಿಯಲ್ಲಿ ಏನೋ ನಿದ್ದೆಗಣ್ಣಿನಲ್ಲಿ ಮಗ್ಗುಲಾದಂತೆ ಅಲುಗಿತು. ಗ್ರಾಫು ಹಾಳೆಯ ಮೇಲೆ ಚುಕ್ಕಿ ಇಟ್ಟು, ಗೆರೆ ಎಳೆದು ಹಿರಿಯ ಡಾಕ್ಟರ ಮುಂದೆ ಇಟ್ಟೆ.

ಅವರು ನೋಡಿ ನಕ್ಕರು. "ಪೋಲಿಯೋದಲ್ಲೂ ಹೀಗೇ ಬರತ್ತಲ್ಲಮ್ಮ."

ನಿಜ. ಕೋಶ ಸತ್ತರೂ ಎಳೆ ಸತ್ತರೂ ಸ್ನಾಯುವಿಗೆ ಒಂದೇ. ಎರಡನ್ನೂ ಬೇರೆ ಮಾಡಿ ತೋರಿಸುವುದು ಸ್ಪರ್ಶ ಮಾತ್ರ. ಆ ಸ್ಪರ್ಶದ ಪರೀಕ್ಷೆಯನ್ನು ಅವರು ಮೊದಲೇ ತಳ್ಳಿಹಾಕಿದ್ದರು. ಇದು ಹೀಗೇ ಆಗುತ್ತದೆ ಎಂದು ಗೊತ್ತಿದ್ದೇ ನನ್ನನ್ನು ಮಷೀನಿನ ಹಿಂದೆ ಓಡಿಸಿದ್ದರು.

"ಸಾರ್, ಒಂದ್ಸಲ ಬಂದು ನೀವೇ ಪಿನ್ ಹಾಕಿ ನೋಡಿ. ಐದು ನಿಮಿಷದ ಕೆಲ್ಸ."

"ನೋಡಮ್ಮ," ಎಂದು ಅವರು ಕನ್ನಡಕ ತೆಗೆದರು. "ಪೋಲಿಯೋ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ. ಮಗೂಗೆ ಕ್ಯಾಲಿಪರ್ ಸಿಗತ್ತೆ, ಫ್ರೀ. ಇಂಜೆಕ್ಷನ್ ಅಂದ್ಕೊಂಡು ಹೊರಟ್ರೆ ಆ ಡಾಕ್ಟ್ರ ಹೆಸರು ಹಾಳಾಗತ್ತೆ. ಎಷ್ಟು ವರ್ಷದಿಂದ ಆ ಏರಿಯಾದಲ್ಲಿ ಪ್ರಾಕ್ಟೀಸ್ ಮಾಡ್ತಿದಾರೆ ಗೊತ್ತಾ? ನಮಗೆ ಎಷ್ಟು ಪೇಷಂಟ್ಸ್ ಕಳಿಸ್ತಾರೆ ಗೊತ್ತಾ?"

ಅವರು ಪಾಠ ಮರೆತಿರಲಿಲ್ಲ. ಅದು ಗೊತ್ತಾದಾಗ ಆದಷ್ಟು ಸಿಟ್ಟು ನನಗೆ ಮತ್ತೆಂದೂ ಆಗಿಲ್ಲ. ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಗೊತ್ತಿದ್ದು ಕನ್ನಡಕ ತೆಗೆದಿಡುವವರಿಗೆ ಏನು ಹೇಳುವುದು? ಯಾರಿಗೂ ತೊಂದರೆ ಇಲ್ಲವಂತೆ! ಆ ತಾಯಿ ಯಾರೂ ಅಲ್ಲ. ಮೊಣಕಾಲು ಗಟ್ಟಿಯಾಗಿರುವ ಮಗುವಿನ ಮೊಣಕಾಲಿಗೆ ಕಬ್ಬಿಣ ಬಿಗಿದರೆ ಇರುವ ಸ್ನಾಯುವೂ ಸೊರಗುತ್ತದೆ. ಆ ಮಗುವೂ ಯಾರೂ ಅಲ್ಲ.

ನನಗೆ ಬೇಕಿದ್ದದ್ದು ನರರೋಗ ತಜ್ಞರ ಅಭಿಪ್ರಾಯ. ಅವರು ಇದ್ದದ್ದು ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿಗೆ ಹೋದರೆ ಮೊದಲು ಕೇಳುವುದೇ ಯಾವ ಇಂಜೆಕ್ಷನ್, ಎಲ್ಲಿ ಕೊಟ್ಟದ್ದು, ಯಾವಾಗ ಎಂದು. ಅದಕ್ಕೇ ಆ ಕ್ಲಿನಿಕ್ಕಿಗೆ ನಾನೇ ಹೋಗಿ ಕೇಳುವುದೆಂದು ತೀರ್ಮಾನಿಸಿದೆ. ತಾಯಿಯೂ ಮಗುವೂ ಜೊತೆಗೆ ಬಂದರು.

ಸಂಜೆಯ ಹೊತ್ತು. ಕ್ಲಿನಿಕ್ಕು ತುಂಬಿ ಮೆಟ್ಟಿಲವರೆಗೆ ಜನ. ಡಾಕ್ಟರು ವಯಸ್ಸಾದವರು, ನಗುಮುಖ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕೈಗುಣ ಒಳ್ಳೆಯದು ಎಂದು ನಂದಿನಿ ಲೇಔಟಿನಿಂದಲೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಸೂಜಿ. ಅವರೂ ಏನು ಮಾಡಿಯಾರು, ಸೂಜಿ ಹಾಕದಿದ್ದರೆ ಡಾಕ್ಟರೇ ಅಲ್ಲ ಎಂದು ಮುಂದಿನ ಬೀದಿಗೆ ಹೋಗುವ ಜನ ನಾವು. ಒಂದೇ ಕೋಣೆ. ಮೇಜು, ಬೆಂಚು, ಸ್ಟವ್ವಿನ ಮೇಲೆ ಗಾಜಿನ ಸಿರಿಂಜುಗಳು ಕುದಿಯುವ ಪಾತ್ರೆ. ನಡುವೆ ಪರದೆ ಇರಲಿಲ್ಲ. ಕಾಯುವವರೆಲ್ಲ ಅಲ್ಲೇ, ಗಂಡಸರೂ ಹೆಂಗಸರೂ.

ನಮ್ಮ ಸರದಿಗೆ ಕಾಯುತ್ತಾ ನಿಂತು ನೋಡಿದೆ. ಒಬ್ಬ ಗಂಡು ಹುಡುಗ ಬಂದ. ತಾಯಿ ಬೆಂಚಿನ ಮೇಲೆ ನಿಲ್ಲಿಸಿ, ತಲೆಯನ್ನು ಹೆಗಲಿಗೆ ಒತ್ತಿಕೊಂಡು, ಚಡ್ಡಿಯನ್ನು ಸೊಂಟದಿಂದ ಕೆಳಗೆ ಜಗ್ಗಿದಳು. ಡಾಕ್ಟರು ಮೇಲ್ಭಾಗದಲ್ಲಿ, ಹೊರಮಗ್ಗುಲಿಗೆ ಚುಚ್ಚಿದರು. ಚುಚ್ಚಬೇಕಾದ ಜಾಗ ಅದೇ. ಅವನ ಹಿಂದೆ ಒಬ್ಬಳು ಹುಡುಗಿ. ಅವಳ ತಾಯಿ ಬೆಂಚಿನಲ್ಲಿ ಕೂತಿದ್ದ ಗಂಡಸರ ಕಡೆ ಒಮ್ಮೆ ನೋಡಿದಳು. ಫ್ರಾಕನ್ನು ಮೇಲಿನಿಂದ ಹಾಗೇ ಹಿಡಿದುಕೊಂಡು, ಚಡ್ಡಿಯ ಕಾಲಿನ ಅಂಚನ್ನು ಕೆಳಗಿನಿಂದ ಮೇಲಕ್ಕೆ ಸರಿಸಿ, ಅಂಗೈಯಗಲ ಜಾಗ ಬಿಡಿಸಿಕೊಟ್ಟಳು. ಡಾಕ್ಟರು ಆ ಅಂಗೈಯಗಲದಲ್ಲಿ ಚುಚ್ಚಿದರು.

 ಪೃಷ್ಠದ ಕೆಳಭಾಗ, ತೊಡೆ ಸೇರುವ ಕಡೆ. ಆ ದಪ್ಪ ನರ ಇಳಿಯುವ ದಾರಿ ಅದೇ. ನನ್ನ ಪಕ್ಕದಲ್ಲಿದ್ದ ತಾಯಿಯನ್ನು ಕೇಳಿದೆ. "ಇವಳಿಗೂ ಹಿಂಗೇನಾ ಹಾಕ್ಸಿದ್ದು?"

"ಹೆಣ್ಮಗು ಅಲ್ವಾ ಮೇಡಂ," ಎಂದಳು ಅವಳು ಮೆಲ್ಲಗೆ. "ಎಲ್ಲರ ಮುಂದೆ ಹೆಂಗೆ ಬಿಚ್ಚೋದು?"

ನಮ್ಮ ಸರದಿ ಬಂತು. ಆಸ್ಪತ್ರೆಯಿಂದ ಬಂದಿದ್ದೇನೆ, ಈ ಮಗುವಿಗೆ ಅವತ್ತು ಯಾವ ಇಂಜೆಕ್ಷನ್ ಕೊಟ್ಟಿರೆಂದು ಒಂದು ಚೀಟಿ ಬರೆದುಕೊಡಿ ಎಂದು ಮರ್ಯಾದೆಯಿಂದಲೇ ಕೇಳಿದೆ.

"ಅಯ್ಯೋ ಪಾಪ, ಈ ಮಗೂನಾ," ಎಂದರು ಡಾಕ್ಟರು. "ಪೋಲಿಯೋ ಇದು. ನನ್ನ ಹತ್ರ ಬಂದಾಗ್ಲೇ ಪೋಲಿಯೋ ಜ್ವರ ಇತ್ತು. ಹನಿ ಹಾಕ್ಸಮ್ಮ ಅಂದ್ರೆ ಈ ಜನ ಕೇಳಲ್ಲ."

"ಡಾಕ್ಟ್ರೇ, ಮಗೂಗೆ ಪಾದದ ಮೇಲೆ ಸುಟ್ರೂ ಗೊತ್ತಾಗಿಲ್ಲ. ಪೋಲಿಯೋದಲ್ಲಿ ಸ್ಪರ್ಶ ಹೋಗುತ್ತಾ?"

ಅವರು ಕಾಂಪೌಂಡರಿಗೆ ಮುಂದಿನವರನ್ನು ಕಳಿಸು ಎಂದು ಸನ್ನೆ ಮಾಡಿದರು. ಆಗ ನನ್ನ ನಾಲಿಗೆ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಈಗ ತಾನೇ ಒಂದು ಹೆಣ್ಣು ಮಗೂಗೆ ಎಲ್ಲಿ ಚುಚ್ಚಿದ್ರಿ ನೀವು? ಅಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ವಾ? ಗಂಡು ಹುಡುಗನಿಗೆ ಸರಿಯಾದ ಜಾಗ, ಹೆಣ್ಣು ಹುಡುಗಿಗೆ ಅಮ್ಮ ತೋರಿಸಿದ ಜಾಗ! ಒಂದು ಪರದೆ ಕಟ್ಟೋಕೆ ಆಗ್ಲಿಲ್ವಾ ನಿಮಗೆ ಇಷ್ಟು ವರ್ಷದಲ್ಲಿ? ಒಂದು ಹಳೇ ಸೀರೆ ಆದ್ರೂ ಸಾಕಾಗಿತ್ತು!"

ಬೆಂಚಿನಲ್ಲಿದ್ದ ಒಬ್ಬ ಹಿರಿಯರು ಎದ್ದು ನಿಂತರು. "ಏನಮ್ಮ, ದೊಡ್ಡೋರ ಹತ್ರ ಹಿಂಗಾ ಮಾತಾಡೋದು? ದೇವರಂಥ ಮನುಷ್ಯ ಅವರು." ಹೌದೌದು ಎಂದರು ನಾಲ್ಕು ಜನ. ಅವರಿಗೂ ನನಗೂ ನಡುವೆ ನಿಂತಿದ್ದ ತಾಯಿ ಒಂದು ಕ್ಷಣ ನೆಲ ನೋಡಿದಳು. ಆಮೇಲೆ ತಲೆ ಎತ್ತಿ ನಿಧಾನವಾಗಿ ಮಾತಾಡಿದಳು.

"ನಾನು ಹನಿ ಹಾಕ್ಸಿಲ್ಲ ಅಂತ ಬೈದ್ರಲ್ಲ ಡಾಕ್ಟ್ರೇ. ಬರೋವಾಗ ಇವಳು ನಡ್ಕೊಂಡೇ ಬಂದಿದ್ಲು. ಸೂಜಿ ಆದ್ಮೇಲೆ ಈ ಮೆಟ್ಟಿಲ ಮೇಲೇ ಕಾಲು ಎಳೀತಿದ್ಲು. ನೀವೂ ನೋಡಿದ್ರಿ. ನೋಡಿ, ಎತ್ಕೊಂಡು ಹೋಗಮ್ಮ ಅಂದ್ರಿ."

ಡಾಕ್ಟರು ಸಿರಿಂಜನ್ನು ಪಾತ್ರೆಗೆ ಹಾಕಿದರು.  ಚೀಟಿ ಬರೆದುಕೊಡಲಿಲ್ಲ. ನಾವು ಹೊರಗೆ ಬಂದೆವು.

ಆ ರಸ್ತೆಯಲ್ಲಿ ನಿಂತೇ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಮರುದಿನ ಆಸ್ಪತ್ರೆಯ ಹಾಳೆಯ ಮೇಲೆಯೇ ನರರೋಗ ತಜ್ಞರಿಗೆ ಪತ್ರ ಬರೆದೆ. ಸ್ಪರ್ಶ ಹೋದ ಜಾಗದ ಚಿತ್ರ ಬಿಡಿಸಿದೆ, ಬೆವರಿಲ್ಲದ್ದನ್ನು ಬರೆದೆ, ಸೂಜಿ ಬಿದ್ದ ಜಾಗ ಬರೆದೆ, ಮೆಟ್ಟಿಲ ಮೇಲೆ ಕಾಲೆಳೆದದ್ದನ್ನು ತಾಯಿಯ ಮಾತಿನಲ್ಲೇ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ. ಹಾಗೆ ಬೇರೆ ಆಸ್ಪತ್ರೆಗೆ ಕಳಿಸುವ ಅಧಿಕಾರ ನನಗಿರಲಿಲ್ಲ. ಕ್ಯಾಲಿಪರ್ ಚೀಟಿಯ ಮೇಲೆ ಅಳತೆ ತೆಗೆದಿಲ್ಲ, ಬೇಕಾಗಿಲ್ಲ ಎಂದು ಬರೆದು ಹಿಂದಕ್ಕೆ ಕಳಿಸಿದೆ.

ಶಿಬಿರ ನಡೆಯಿತು. ಹಾರ ಹಾಕಿದರು, ಫೋಟೋ ತೆಗೆದರು. ನನ್ನನ್ನು ಆಡಳಿತದವರು ಕರೆಸಿ, ನಿಮ್ಮ ಕೆಲಸ ಏನು, ಮಿತಿ ಏನು ಎಂದು ಪಾಠ ಮಾಡಿದರು. ಹಿರಿಯ ಡಾಕ್ಟರು ನನ್ನೊಡನೆ ಮಾತು ಬಿಟ್ಟರು. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ನರರೋಗ ತಜ್ಞರು ಹುಡುಗಿಯನ್ನು ನೋಡಿ ಕೇಳಿದ ಮೊದಲ ಮಾತು, "ಪೋಲಿಯೋ ಅಂತ ಯಾರ್ರೀ ಹೇಳಿದ್ದು?" ಅವರೂ ಪಿನ್ನು ಹಾಕಿದರು, ಅವರ ಪೆನ್ನಿನ ಗೆರೆ ನನ್ನ ಗೆರೆಯ ಮೇಲೇ ಬಂತು. ಇಂಜೆಕ್ಷನ್ನಿನಿಂದ ನರಕ್ಕೆ ಪೆಟ್ಟು ಎಂದು ಸ್ಪಷ್ಟವಾಗಿ ಬರೆದುಕೊಟ್ಟರು. ಎಳೆಗಳು ಪೂರ್ತಿ ತುಂಡಾಗಿರದಿದ್ದರೆ ಮತ್ತೆ ಬೆಳೆಯಬಹುದು, ಕಾದು ನೋಡೋಣ, ಬರದಿದ್ದರೆ ಆಪರೇಷನ್ ಮಾಡಿ ತೆರೆದು ನೋಡಬೇಕಾಗುತ್ತದೆ ಎಂದರು. ತಾಯಿ ಆ ಹಾಳೆಯನ್ನು ಅತ್ತೆಯ ಮುಂದೆ ಇಟ್ಟಳಂತೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಗಂಡ ಓದಿ ಹೇಳಿದನಂತೆ. ಅವತ್ತಿನಿಂದ ಮನೆಯಲ್ಲಿ ಪೋಲಿಯೋ ಹನಿಯ ಮಾತು ನಿಂತಿತು. ಉಪ್ಪಿನ ಶಾಖವೂ ನಿಂತಿತು.

ಬೆನ್ನುಹುರಿಯ ಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೊರಗಿನ ನರದ ಎಳೆ ಹಾಗಲ್ಲ, ಅದು ಚಿಗುರುತ್ತದೆ. ಆದರೆ ದಿನಕ್ಕೆ ಒಂದು ರಾಗಿ ಕಾಳಿನಷ್ಟು ಮಾತ್ರ. ಪೃಷ್ಠದಿಂದ ಮೊಣಕಾಲಿನ ಕೆಳಗಿನವರೆಗೆ ಎಷ್ಟು ರಾಗಿ ಕಾಳು ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ. ಅಲ್ಲಿಯವರೆಗೆ ಸ್ನಾಯು ಸೊರಗಬಾರದು, ಪಾದ ಕೆಳಮುಖವಾಗಿ ಗಡುಸಾಗಬಾರದು. ಮಲಗುವಾಗ ಕಟ್ಟಲು ಪ್ಲಾಸ್ಟರಿನ ಪಟ್ಟಿ ಮಾಡಿಕೊಟ್ಟೆ. ನಡೆಯುವಾಗ ಬೂಟಿನ ತುದಿಯನ್ನು ಮೇಲಕ್ಕೆ ಜಗ್ಗಿ ಹಿಡಿಯಲು ಮೊಣಕಾಲಿನ ಕೆಳಗಿನ ಬೆಲ್ಟಿಗೆ ಎಲಾಸ್ಟಿಕ್ ಬೇಕು ಎಂದೆ. ತಾಯಿ ತಾನೇ ಹೊಲಿದು ತಂದಳು. ಕಾಲನ್ನು ಹೇಗೆ ಚಾಚಿಸುವುದು, ಹೇಗೆ ನೀವುವುದು ಎಂದು ಕಲಿಸಿದೆ. ದಿನಾ ಮಲಗುವ ಮುಂಚೆ ಪಾದ ಹಿಡಿದು, ಕಲ್ಲು ಚುಚ್ಚಿದ್ದರ ಗುರುತಿದೆಯೇ, ಬೊಬ್ಬೆ ಇದೆಯೇ ಎಂದು ನೋಡಲು ಹೇಳಿದೆ. ಸುದ್ದಿ ಕೊಡದ ಕಾಲಿಗೆ ಕಣ್ಣೇ ಕಾವಲು. ಮಷೀನು ಕೆಲಸ ಮಾಡಿದ ದಿನ ಕರೆಂಟು ಕೊಟ್ಟು ಆ ಸ್ನಾಯುವನ್ನು ಅಲುಗಿಸುತ್ತಿದ್ದೆ.

ತಿಂಗಳುಗಳು ಹೋದವು. ಪ್ರತಿ ಸಲ ಹುಡುಗಿ "ಎತ್ತಿದೀನಿ ಆಂಟಿ" ಅನ್ನುತ್ತಿದ್ದಳು, ಪಾದ ಇದ್ದಲ್ಲೇ ಇರುತ್ತಿತ್ತು. ಆಪರೇಷನ್ನಿಗೆ ದಿನ ಗೊತ್ತು ಮಾಡಬೇಕು ಎನ್ನುವ ಮಾತು ಬಂದಿತ್ತು. ಆಗ ಒಂದು ದಿನ ಅವಳು ಎತ್ತುತ್ತೇನೆ ಎಂದಾಗ ನನ್ನ ಬೆರಳಿನ ಕೆಳಗೆ ಸ್ನಾಯುವಿನ ಹುರಿ ಬಿಗಿಯಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ, ಬೆರಳಿಗೆ ಮಾತ್ರ ಗೊತ್ತಾಯಿತು. ಇನ್ನೊಂದು ಸಲ ಎತ್ತು ಎಂದೆ. ಮತ್ತೆ ಬಿಗಿಯಾಯಿತು. ನಾನು ಅತ್ತುಬಿಟ್ಟೆ. ಹುಡುಗಿ ಗಾಬರಿಯಾಗಿ ತಾಯಿಯ ಸೆರಗು ಹಿಡಿದಳು.

ಪಾದ ಎತ್ತುವುದು ಬಂತು, ಮುಕ್ಕಾಲು ಪಾಲು. ಆಪರೇಷನ್ ತಪ್ಪಿತು. ಬೆರಳುಗಳು ಮೇಲೇಳಲಿಲ್ಲ. ಪಾದದ ಮೇಲೆ ಸುಟ್ಟ ಕಲೆಯ ಸುತ್ತ ಒಂದಿಷ್ಟು ಜಾಗಕ್ಕೆ ಸ್ಪರ್ಶ ಬರಲೇ ಇಲ್ಲ. ಓಡಿದರೆ ಎಡಗಾಲು ಒಂದು ಗಳಿಗೆ ಹಿಂದೆ ಬೀಳುತ್ತಿತ್ತು. ಹುಡುಗಿ ಶಾಲೆಗೆ ಸೇರಿದಳು. ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ತಜ್ಞರು ಹೇಳಿದರು, ನನಗೂ ಹಾಗೇ ಅನ್ನಿಸಿತು.

ಮುಂದಿನ ಮಳೆಗಾಲದಲ್ಲಿ ಅವಳಿಗೆ ಮತ್ತೆ ಜ್ವರ ಬಂದಿತ್ತಂತೆ. ತಾಯಿ ಫ್ಯಾಕ್ಟರಿಗೆ ಹೋಗಿದ್ದಾಗ ಅತ್ತೆ ದಿಕ್ಕು ತೋಚದೆ ಅದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಹತ್ತಿರವಿದ್ದದ್ದು ಅದೊಂದೇ. ಜ್ವರ ಬಿಟ್ಟ ಮೇಲೆ ವ್ಯಾಯಾಮಕ್ಕೆ ಬಂದಾಗ ತಾಯಿ ಇದನ್ನು ಹೇಳಿದಳು. ಕೇಳಿ ನನ್ನ ಕೈ ನಿಂತಿತು.

"ಸೂಜಿ ಹಾಕಿದ್ರಾ?"

"ಇಲ್ಲ ಮೇಡಂ. ಇವಳು ಬೆಂಚಿನ ಮೇಲೆ ಗಟ್ಟಿಯಾಗಿ ಕೂತ್ಬಿಟ್ಲಂತೆ. ಎರಡೂ ಕೈಯಲ್ಲಿ ಬೆಂಚು ಹಿಡ್ಕೊಂಡು, ಏಳೋದೇ ಇಲ್ಲ ಅಂತ. ಅತ್ತೆ ಎಳೆದ್ರೂ ಏಳ್ಲಿಲ್ವಂತೆ. ಕಾಂಪೌಂಡರು ಬಂದ್ರೂ ಏಳ್ಲಿಲ್ವಂತೆ. ಕೊನೆಗೆ ಡಾಕ್ಟ್ರು ಸಾಕು ಬಿಡಿ ಅಂದು ಸಿರಪ್ ಕೊಟ್ಟು ಕಳ್ಸಿದ್ರಂತೆ."

"ಒಳ್ಳೇದಾಯ್ತು," ಎಂದೆ. ನಗು ಬಂತು. "ಜಾಣೆ ನೀನು" ಎಂದು ಹುಡುಗಿಯ ತಲೆ ಸವರಿದೆ. ತಾಯಿ ನಗಲಿಲ್ಲ. ಎಲಾಸ್ಟಿಕ್ಕಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಏನನ್ನೋ ಕೇಳಬೇಕೋ ಬೇಡವೋ ಎಂಬಂತೆ ನಿಂತಿದ್ದಳು.

"ಎರಡು ಚಮಚ ಕುಡಿಸಿದ್ವಿ ಮೇಡಂ. ಬೆಳಿಗ್ಗೆ ಹೊತ್ತಿಗೆ ಜ್ವರ ಬಿಟ್ಟಿತ್ತು." ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆವತ್ತಿನ ಜ್ವರಾನೂ ಇಷ್ಟಕ್ಕೇ ಬಿಡ್ತಿತ್ತಾ ಮೇಡಂ?"

ಹುಡುಗಿ ಮಂಚದ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಹೂಂ ಕಣಮ್ಮ," ಎಂದೆ. "ಬಿಡ್ತಿತ್ತು."